ನಾಲ್ಕು ಗಾಲಿಯ ಹಲಗೆ, ಹನ್ನೊಂದು ವರ್ಷದ ಮೌನ

ಗಾಲಿಯ ಹಲಗೆಯ ಮೇಲೆ ನಿಂತ ತರುಣನೊಬ್ಬ ಪರದೆಯ ಮೇಲೆ ತೇಲಿ ಬರುತ್ತಾನೆ. ಮೆಟ್ಟಿಲ ಸಾಲನ್ನು ಹಾರಿ ದಾಟುತ್ತಾನೆ. ಅವನ ಬೆನ್ನ ಹಿಂದೆಯೇ ಆ ಮೆಟ್ಟಿಲುಗಳು ಸಿಡಿದು ಚೂರಾಗುತ್ತವೆ! ಬೆಂಕಿ, ಧೂಳು, ಚೂರುಗಳೆಲ್ಲ ನಿಧಾನಗತಿಯಲ್ಲಿ ಹಾರಾಡುತ್ತವೆ. 2007ರಲ್ಲಿ ಬಿಡುಗಡೆಯಾದ ‘ಫುಲ್ಲಿ ಫ್ಲೇರ್ಡ್’ ಶುರುವಾಗುವುದು ಹೀಗೆ. ಇದರಲ್ಲಿ ಕಥೆಯಿಲ್ಲ, ನಾಯಕಿಯಿಲ್ಲ, ಮಾತೂ ಅಪರೂಪ. ಆದರೂ ಸ್ಕೇಟ್‌ಬೋರ್ಡ್ ಪ್ರಿಯರು ಇದಕ್ಕಾಗಿ ವರ್ಷಗಟ್ಟಲೆ ಕಾದಿದ್ದರು.

ಇದು ಕ್ಯಾಲಿಫೋರ್ನಿಯಾದ ‘ಲಕಾಯ್’ ಎಂಬ ಶೂ ಕಂಪನಿಯ ತಂಡದ ವಿಡಿಯೊ. ಟೈ ಇವಾನ್ಸ್, ಸ್ಪೈಕ್ ಜೋನ್ಸ್ ಮತ್ತು ಕೋರಿ ವೈನ್‌ಚೆಕ್ ಇದರ ನಿರ್ದೇಶಕರು. ಇಂಥ ವಿಡಿಯೊಗಳ ಪರಂಪರೆ ಹಳೆಯದು. 1984ರಲ್ಲಿ ಪೊವೆಲ್ ಪೆರಾಲ್ಟಾ ಕಂಪನಿಗಾಗಿ ಸ್ಟೇಸಿ ಪೆರಾಲ್ಟಾ ತಯಾರಿಸಿದ ‘ದಿ ಬೋನ್ಸ್ ಬ್ರಿಗೇಡ್ ವಿಡಿಯೊ ಷೋ’ ಅದಕ್ಕೆ ಹಾದಿ ಹಾಕಿತು. ಹಲಗೆ ಮಾರುವುದಕ್ಕೆಂದು ಮಾಡಿದ ಜಾಹೀರಾತು ಹುಡುಗರ ಪಾಲಿಗೆ ಪಠ್ಯಪುಸ್ತಕವಾಯಿತು. ಕ್ಯಾಸೆಟ್ಟನ್ನು ಹಿಂದಕ್ಕೆ ಸುತ್ತಿ, ಕಾಲು ಎಲ್ಲಿಟ್ಟ, ಭುಜ ಯಾವಾಗ ತಿರುಗಿಸಿದ ಎಂದು ನೋಡಿ ನೋಡಿ ಕಲಿತವರು ಅದೆಷ್ಟೋ ಮಂದಿ.

ಸಾಮಾನ್ಯವಾಗಿ ತಂಡದ ಪ್ರಮುಖರಿಗೆ ಕೆಲವೇ ನಿಮಿಷಗಳ ಒಂದೊಂದು ಭಾಗ, ಅದಕ್ಕೊಂದು ಹಾಡು. ಕೊನೆಯ ಭಾಗ ಸಿಗುವುದೆಂದರೆ ದೊಡ್ಡ ಮರ್ಯಾದೆ. ಹಾರಿದರಷ್ಟೇ ಸಾಲದು. ಹಲಗೆ ಮತ್ತೆ ಕಾಲಡಿಗೆ ಬರಬೇಕು, ಸವಾರ ಕೈಯೂರದೆ ಉರುಳಿಕೊಂಡು ಮುಂದೆ ಹೋಗಬೇಕು. ಇಲ್ಲದಿದ್ದರೆ ಅದು ಲೆಕ್ಕಕ್ಕಿಲ್ಲ. ಛಾಯಾಗ್ರಾಹಕನೂ ಇನ್ನೊಂದು ಹಲಗೆಯೇರಿ, ಕ್ಯಾಮೆರಾವನ್ನು ನೆಲದ ಹತ್ತಿರ ಹಿಡಿದು ಬೆನ್ನಟ್ಟುತ್ತಾನೆ. ನೋಟವನ್ನು ಗುಂಡಗೆ ಬಾಗಿಸುವ ಮೀನುಗಣ್ಣಿನ ಮಸೂರ ಸಣ್ಣ ಜಗಲಿಯನ್ನೂ ಬೆಟ್ಟದಂತೆ ತೋರಿಸುತ್ತದೆ.

ಹೊಸಬರು ನೋಡುವುದು ಹಾರಾಟವನ್ನು. ಬಲ್ಲವರು ನೋಡುವುದು ಅದರ ಹಿಂದಿನ ಬೀಳುಗಳನ್ನು. ಎರಡು ಸೆಕೆಂಡಿನ ಒಂದು ದೃಶ್ಯಕ್ಕಾಗಿ ಇಡೀ ಮಧ್ಯಾಹ್ನ ಬಿದ್ದು ಎದ್ದಿರಬಹುದು. ಕಾವಲುಗಾರ ಬಂದು ಅಟ್ಟಿರಬಹುದು. ಉಳುಕಿದ ಕಾಲು ವಾಸಿಯಾದ ಮೇಲೆ ಅದೇ ಮೆಟ್ಟಿಲಿಗೆ ಮತ್ತೆ ಬಂದಿರಬಹುದು. ಸಂಕಲನಕಾರನ ಕತ್ತರಿ ಅದನ್ನೆಲ್ಲ ತೆಗೆದು, ಸುಲಭವೆಂಬಂತೆ ಕಾಣುವುದನ್ನು ಮಾತ್ರ ಉಳಿಸುತ್ತದೆ.

‘ಫುಲ್ಲಿ ಫ್ಲೇರ್ಡ್’ನಲ್ಲಿ ಹಾಗೆ ಕಾಣದೆ ಉಳಿದದ್ದು ಬರೀ ಮಧ್ಯಾಹ್ನಗಳಲ್ಲ, ಒಬ್ಬಾತನ ಹನ್ನೊಂದು ವರ್ಷಗಳು. ಆತ ಗೈ ಮಾರಿಯಾನೊ. 1991ರಲ್ಲಿ ಇದೇ ಸ್ಪೈಕ್ ಜೋನ್ಸ್ ‘ಬ್ಲೈಂಡ್’ ತಂಡಕ್ಕಾಗಿ ‘ವಿಡಿಯೊ ಡೇಸ್’ ಮಾಡಿದಾಗ ಮಾರಿಯಾನೊ ಮೀಸೆ ಚಿಗುರದ ಹುಡುಗ. ಹಿರಿಯರನ್ನು ನಾಚಿಸುವಂತೆ ಆಡಿದ್ದ. 1996ರ ‘ಮೌಸ್’ನಲ್ಲಿ ಅವನ ಆಟ ಇನ್ನಷ್ಟು ಮಾಗಿತ್ತು. ಆಮೇಲೆ? ಆಮೇಲೆ ಮಾದಕ ವ್ಯಸನ. ಅದನ್ನು ಆತನೇ ಮುಂದೆ ಮುಚ್ಚುಮರೆಯಿಲ್ಲದೆ ಹೇಳಿಕೊಂಡಿದ್ದಾನೆ. ವರ್ಷಗಳು ಉರುಳಿದರೂ ಅವನದೊಂದು ಪೂರ್ಣ ಭಾಗ ಬರಲಿಲ್ಲ. ಅಷ್ಟರಲ್ಲಿ ಹೊಸ ಹುಡುಗರು ಬಂದರು, ಆಟವೂ ಬಹಳ ಮುಂದೆ ಹೋಯಿತು.

ಹೀಗಾಗಿ 2007ರಲ್ಲಿ ಪರದೆಯ ಮೇಲೆ ಅವನ ಹೆಸರು ಮೂಡಿದಾಗ ಹಳಬರ ಎದೆ ಡವಗುಟ್ಟಿದ್ದರೆ ಆಶ್ಚರ್ಯವಿಲ್ಲ. ಮೂವತ್ತು ದಾಟಿದ ಮೈ ಆ ಹೊಸ ಆಟಕ್ಕೆ ಬಾಗೀತೇ? ಉತ್ತರ ಮೊದಲ ಕೆಲವೇ ದೃಶ್ಯಗಳಲ್ಲಿ ಸಿಕ್ಕಿಬಿಡುತ್ತದೆ. ಹಲಗೆಯನ್ನು ಗಾಳಿಯಲ್ಲಿ ತಿರುಗಿಸಿ, ಜಗಲಿಯಂಚಿಗೆ ಇಳಿಸಿ, ಅಂಚಿನುದ್ದಕ್ಕೂ ಜಾರಿ, ಇಳಿಯುವಾಗ ಮತ್ತೆ ತಿರುಗಿಸುವ ಕಷ್ಟದ ಜೋಡಣೆಗಳು! ಆತ ಹಳೆಯ ಹೆಸರಿನ ಬಡ್ಡಿ ತಿನ್ನಲು ಬಂದಿರಲಿಲ್ಲ. ಹೊಸ ಹುಡುಗರ ಪಾಠವನ್ನು ಅವರಿಗಿಂತ ಚೆನ್ನಾಗಿ ಕಲಿತು ಬಂದಿದ್ದ.

ಇದೇ ವಿಡಿಯೊದ ಸುದೀರ್ಘ ಭಾಗಕ್ಕಾಗಿ ಮಾರ್ಕ್ ಜಾನ್ಸನ್ 2007ರಲ್ಲಿ ‘ಥ್ರಾಷರ್’ ಪತ್ರಿಕೆಯ ವರ್ಷದ ಸ್ಕೇಟರ್ ಎನಿಸಿಕೊಂಡ. ಬಿರುದು ಅವನಿಗೆ ಸಲ್ಲಬೇಕಾದದ್ದೇ. ಆದರೆ ನೋಡಿದವರ ಮನಸ್ಸಿನಲ್ಲಿ ನಿಂತವರಲ್ಲಿ ಮಾರಿಯಾನೊ ಮುಂಚೂಣಿಯವನು. 2012ರ ‘ಪ್ರೆಟಿ ಸ್ವೀಟ್’ನಲ್ಲಿಯೂ ಆತ ಬಂದ, ಮರಳಿದ್ದು ಒಂದು ದಿನದ ಹುಮ್ಮಸ್ಸಲ್ಲ ಎಂದು ತೋರಿಸಿದ.

ವಿಡಿಯೊ ಮುಗಿಯುವ ಹೊತ್ತಿಗೆ ಆರಂಭದ ಸ್ಫೋಟಗಳು ಮರೆತೇ ಹೋಗಿರುತ್ತವೆ. ಉಳಿಯುವುದು ಅಂಚಿನ ಮೇಲೆ ಹಲಗೆ ಉಜ್ಜುವ ಸದ್ದು; ಅದರ ಬೆನ್ನಿಗೇ, ನಾಲ್ಕು ಗಾಲಿಗಳು ಒಟ್ಟಿಗೆ ನೆಲ ಮುಟ್ಟಿದ ಸದ್ದು.