ಬೆರಳ ತುದಿಯಲ್ಲಿ ನೀರು ಹರಿದಂತೆ...

ಕಾಲೇಜಿಗೆ ಹೋಗುವ ಮಗನೋ ಮಗಳೋ ಕನ್ನಡಿ ಮುಂದೆ ನಿಂತು ಎರಡೂ ಕೈಗಳನ್ನು ಹಾವಿನ ಹಾಗೆ ಹರಿಸ್ತಾ ಇರೋದನ್ನು ನೀವು ನೋಡಿರಬಹುದು. ಕಾಲು ನಿಂತಲ್ಲೇ, ಕುಣಿಯೋದೆಲ್ಲ ಕೈ, ಬೆರಳು. ‘ಏನೋ ಇದು?’ ಅಂದರೆ ‘ಲಿಕ್ವಿಡ್ ಡ್ಯಾನ್ಸ್ ಅಮ್ಮ’ ಅನ್ನುತ್ತಾರೆ. ಅದೆಲ್ಲಿಂದ ಬಂತು ಅಂತ ಕೆದಕಿದರೆ ‘ರೇವ್ ಪಾರ್ಟಿ’ ಎಂಬ ಉತ್ತರ! ಅಲ್ಲಿಗೆ ತಾಯಿಯ ಎದೆ ಧಸಕ್ಕೆನ್ನುತ್ತದೆ. ಬೈಯುವ ಮೊದಲು ಇದರ ಜಾತಕವನ್ನು ಸ್ವಲ್ಪ ನೋಡೋಣ ಬನ್ನಿ.

ಇದು 1990ರ ದಶಕದ ಅಮೆರಿಕದ ಕೂಸು. ರಾತ್ರಿಯಿಡೀ ಎಲೆಕ್ಟ್ರಾನಿಕ್ ಸಂಗೀತ ಹಾಕಿಕೊಂಡು ಕುಣಿಯುವ ರೇವ್‌ಗಳು 1980ರ ದಶಕದ ಕೊನೆಯಲ್ಲಿ ಬ್ರಿಟನ್ನಿನಲ್ಲಿ ಜೋರಾಗಿ, ಆಮೇಲೆ ಅಮೆರಿಕದಲ್ಲೂ ಹಬ್ಬಿದವು. ಕತ್ತಲ ಹಾಲ್‌ಗಳಲ್ಲಿ, ಹೊಳೆಯುವ ಗ್ಲೋಸ್ಟಿಕ್ ಹಿಡಿದು ಕೈಯಾಡಿಸುವವರ ನಡುವೆ ಈ ಶೈಲಿ ಬೆಳೆಯಿತು. ಆದರೆ ಇದರ ಅಜ್ಜಿಮನೆ ಬೇರೆ ಇದೆ. ಕ್ಯಾಲಿಫೋರ್ನಿಯಾದ ಫ್ರೆಸ್ನೋ ಊರಿನ ಬೂಗಲೂ ಸ್ಯಾಮ್ 1977ರಲ್ಲಿ ಕಟ್ಟಿದ ತಂಡ ಮುಂದೆ ‘ಎಲೆಕ್ಟ್ರಿಕ್ ಬೂಗಲೂಸ್’ ಅಂತ ಹೆಸರಾಯಿತು. ಅವರು ಜನಪ್ರಿಯಗೊಳಿಸಿದ್ದು ‘ಪಾಪಿಂಗ್’, ಅಂದರೆ ತಾಳಕ್ಕೆ ಸರಿಯಾಗಿ ಸ್ನಾಯುವನ್ನು ಟಕ್ಕಂತ ಬಿಗಿದು ಸಡಿಲಿಸುವುದು. ಅದರ ಜೊತೆಗಾತಿ ‘ವೇವಿಂಗ್’. ಮೈಯೊಳಗೆ ಅಲೆಯೊಂದು ಹಾದುಹೋದಂತೆ ತೋರಿಸುವ ಕಲೆ ಅದು. ಲಿಕ್ವಿಡ್ ನಮ್ಮ ವೇವಿಂಗೇ ಅಂತ ಪಾಪಿಂಗ್ ಮಂದಿ, ಅಲ್ಲ, ಇದು ನಮ್ಮ ರೇವ್‌ನಲ್ಲೇ ಹುಟ್ಟಿದ್ದು ಅಂತ ಇವರು. ಅತ್ತೆ-ಸೊಸೆ ಇಬ್ಬರೂ ‘ಹುಳಿ ಮಾಡಿದ್ದು ನಾನು’ ಅಂದ ಹಾಗೆ!

ಅಲೆಯ ಕುಣಿತ ನಮಗೇನೂ ಹೊಸದಲ್ಲ. ಮೈಸೂರಿನಲ್ಲಿ ಹುಟ್ಟಿದ ಪ್ರಭುದೇವ 1994ರ ‘ಕಾದಲನ್’ ಚಿತ್ರದಲ್ಲಿ ಕುಣಿದಾಗ ‘ಇವನಿಗೇನು ಮೂಳೆಯೇ ಇಲ್ಲವಾ’ ಅಂತ ಬಾಯಿ ಬಿಟ್ಟು ನೋಡಿದವರೇ ಅಲ್ಲವಾ ನಾವೆಲ್ಲ? ಅದು ಲಿಕ್ವಿಡ್ ಅಲ್ಲ. ಆದರೆ ಅದರ ಪಾಪಿಂಗ್, ವೇವಿಂಗ್ ಛಾಯೆ ಈ ಮನೆತನದ್ದೇ.

ಇನ್ನು ನಿಮ್ಮ ಭಯದ ವಿಚಾರ. ಅದು ಸುಳ್ಳಲ್ಲ. ರೇವ್‌ಗಳಲ್ಲಿ ‘ಎಕ್ಸ್‌ಟಸಿ’ ಎಂಬ ಮಾದಕ ಗುಳಿಗೆಯ ಹಾವಳಿ ಇದ್ದದ್ದು ನಿಜ. ಗೊತ್ತಿದ್ದೂ ಅದಕ್ಕೆ ಜಾಗ ಕೊಟ್ಟ ಮಾಲೀಕರನ್ನೂ ಕಾರ್ಯಕ್ರಮ ನಡೆಸಿದವರನ್ನೂ ಹೊಣೆ ಮಾಡಲು ಅಮೆರಿಕ 2003ರಲ್ಲಿ ಕಾನೂನನ್ನೇ ತಂದಿತು. ಹಾಗಂತ ಕನ್ನಡಿ ಮುಂದೆ ಕೈ ತಿರುಗಿಸುವ ಹುಡುಗ ಗುಳಿಗೆ ನುಂಗುತ್ತಾನೆ ಅಂದುಕೊಳ್ಳುವುದು ತಪ್ಪು. ಕುಣಿತವನ್ನು ನಿಲ್ಲಿಸಬೇಡಿ. ಎಲ್ಲಿಗೆ ಹೋಗ್ತೀಯ, ಜೊತೆಗೆ ಯಾರಿರ್ತಾರೆ, ಎಷ್ಟು ಹೊತ್ತಿಗೆ ಬರ್ತೀಯ ಎಂಬ ಮೂರು ಪ್ರಶ್ನೆ ಮಾತ್ರ ಬಿಡಬೇಡಿ. ಕುಣಿತದ ಬಗ್ಗೆ ಎರಡು ಮಾತಾಡಿದ ಅಮ್ಮನಿಗೆ ಈ ಮೂರಕ್ಕೂ ಉತ್ತರ ಸುಲಭವಾಗಿ ಸಿಗುತ್ತದೆ ಅಂತ ನನ್ನ ಅನಿಸಿಕೆ.

ಆ ಎರಡು ಮಾತಿಗೆ ಬೇಕಾದ ಪಾಠ ಹೀಗಿದೆ. ನೀವೂ ಮಾಡಿ ನೋಡಿ, ಸೀರೆ ಉಟ್ಟುಕೊಂಡೇ ಮಾಡಬಹುದು!

ಗುಟ್ಟು ಒಂದೇ: ಒಂದು ಕೀಲು ಚಲಿಸುವಾಗ ಉಳಿದವು ಸುಮ್ಮನಿರಬೇಕು. ಎರಡೂ ತೋಳನ್ನು ಭುಜದ ಮಟ್ಟಕ್ಕೆ ಅಗಲವಾಗಿ ಚಾಚಿ. ಬಲಗೈಯ ಬೆರಳ ತುದಿ ಕೆಳಗೆ ಬಾಗಲಿ, ಆಮೇಲೆ ಗೆಣ್ಣು ಮೇಲೇಳಲಿ, ನಂತರ ಮಣಿಕಟ್ಟು, ಮೊಣಕೈ, ಭುಜ. ಅಲೆ ಮುಂದಕ್ಕೆ ಹೋದ ಮೇಲೆ ಹಿಂದಿನ ಭಾಗ ಮತ್ತೆ ಸಪಾಟಾಗಬೇಕು. ಎದೆ ದಾಟಿಸಿ ಎಡಭುಜಕ್ಕೆ ಕೊಟ್ಟು, ಎಡಗೈಯ ಬೆರಳಿನಿಂದ ಹೊರಗೆ ಬಿಡಿ. ಮೊದಮೊದಲು ಇಡೀ ತೋಳು ಒಟ್ಟಿಗೇ ಅಲ್ಲಾಡುತ್ತದೆ. ಅವಸರ ಮಾಡಿದರೆ ಆಗೋದೇ ಹಾಗೆ. ಕನ್ನಡಿ ಮುಂದೆ ನಿಧಾನಕ್ಕೆ ಮಾಡಿ.

ಇದು ಕೂತ ಮೇಲೆ ಎರಡೂ ಅಂಗೈಯನ್ನು ಹತ್ತಿರ ತನ್ನಿ. ಒಂದು ಕೈ ಮುಂದೆ ಹೋದರೆ ಇನ್ನೊಂದು ಅದರ ಹೆಜ್ಜೆ ಹಿಡಿದು ಹಿಂಬಾಲಿಸಬೇಕು, ಬೆರಳುಗಳ ನಡುವೆ ಸಂದು ಕಾಣಬಾರದು. ಎರಡು ಕೈಗೂ ಅಡ್ಡ ಕೋಲು ಕಟ್ಟಿದಂತೆ ಅಂತರ ಬಿಡದೆ ಸಾಗಿಸುವುದಕ್ಕೆ ‘ರೇಲ್ಸ್’ ಅಂತಾರೆ. ಒಂದು ಕೈಯಿಂದ ಇನ್ನೊಂದರ ಅಂಚು ಸವರಿದ ಹಾಗೆ ಮಾಡಿದರೆ ‘ಕಾಂಟೂರ್’. ಇಲ್ಲದ ಚೆಂಡನ್ನೋ ಪೆಟ್ಟಿಗೆಯನ್ನೋ ಗಾಳಿಯಲ್ಲೇ ರೂಪಿಸಿದರೆ ‘ಬಿಲ್ಡ್’. ಬರೀ ಬೆರಳುಗಳ ಕಸರತ್ತಿಗೆ ‘ಡಿಜಿಟ್ಸ್’. ಭರತನಾಟ್ಯದ ಹಸ್ತಗಳ ಹಾಗೆ ಇಲ್ಲಿ ಪ್ರತಿ ಬೆರಳಿಗೂ ಅರ್ಥ ಹುಡುಕಬೇಡಿ, ಕಣ್ಣಿಗೆ ಮೋಡಿ ಮಾಡಿದರೆ ಸಾಕು.

ಶುರು ಮಾಡುವ ಮೊದಲು ಮಣಿಕಟ್ಟು, ಭುಜಗಳನ್ನು ನಿಧಾನಕ್ಕೆ ತಿರುಗಿಸಿ ಸಡಿಲಗೊಳಿಸಿ. ಭುಜ ಹಿಡಿದುಕೊಂಡಿದ್ದರೆ (ಸಕ್ಕರೆ ಕಾಯಿಲೆ ಇರುವವರಲ್ಲಿ ಇದು ಹೆಚ್ಚು) ಅಥವಾ ಬೆರಳು ಜೋಮು ಹಿಡಿಯುತ್ತಿದ್ದರೆ ಮೊದಲು ವೈದ್ಯರನ್ನು ಕೇಳಿ. ಮಕ್ಕಳು ಗ್ಲೋಸ್ಟಿಕ್ ತಂದರೆ ಪುಟ್ಟ ತಮ್ಮ-ತಂಗಿಯರ ಕೈಗೆ ಸಿಗದಂತೆ ನೋಡಿಕೊಳ್ಳಿ. ಬಗ್ಗಿಸಿದಾಗ ಒಳಗಿನ ರಾಸಾಯನಿಕಗಳು ಬೆರೆತು ಬೆಳಕು ಬರುವುದು. ಕಡ್ಡಿ ಕಚ್ಚಿ ರಸ ಬಾಯಿಗೆ ಹೋದರೆ ಬಾಯಿ ಮುಕ್ಕಳಿಸಿ, ಕಣ್ಣಿಗೆ ಬಿದ್ದರೆ ಧಾರಾಳ ನೀರಿನಲ್ಲಿ ತೊಳೆದು ಡಾಕ್ಟರ ಹತ್ತಿರ ಕರೆದುಕೊಂಡು ಹೋಗಿ.