ಜಾಲಿ ತೆಗೆಯುವಾಗ ಟ್ರ್ಯಾಕ್ಟರಿನ ತಳಭಾಗದ ರಕ್ಷಣೆ

ಪಾಳು ಬಿಟ್ಟ ಹೊಲಕ್ಕೆ ಬಳ್ಳಾರಿ ಜಾಲಿ ನುಗ್ಗಿದರೆ ಕೆಲವೇ ವರ್ಷಗಳಲ್ಲಿ ಎತ್ತುಗಳೂ ಒಳಹೋಗದಂತೆ ಪೊದೆ ಕಟ್ಟುತ್ತದೆ. ರಾಯಚೂರು, ಬಳ್ಳಾರಿ, ಕೊಪ್ಪಳ ಜಿಲ್ಲೆಗಳ ರೈತ ಬಾಂಧವರಿಗೆ ಇದನ್ನು ಹೊಸದಾಗಿ ಹೇಳಬೇಕಾಗಿಲ್ಲ. ಇಂತಹ ಜಮೀನನ್ನು ಮತ್ತೆ ಸಾಗುವಳಿಗೆ ತರುವಾಗ ಆಳುಗಳಿಂದ ಜಾಲಿ ಕಡಿಸಿ, ಸೌದೆ ಸಾಗಿಸಿ, ಉಳಿದ ಕಂಟಿಯ ಮೇಲೆ ಟ್ರ್ಯಾಕ್ಟರ್ ಹಾಯಿಸುವುದು ರೂಢಿ. ಟ್ರ್ಯಾಕ್ಟರಿಗೆ ಪೆಟ್ಟು ಬೀಳುವುದು ಈ ಹಂತದಲ್ಲಿಯೇ.

ಪೆಟ್ಟು ಕೊಡುವುದು ದೊಡ್ಡ ಮರವಲ್ಲ. ಅದು ಚಾಲಕನ ಕಣ್ಣಿಗೆ ಬೀಳುತ್ತದೆ. ಕೊಡಲಿಯಿಂದ ಓರೆಯಾಗಿ ಕಡಿದು ಮೊಣಕಾಲೆತ್ತರಕ್ಕೆ ಬಿಟ್ಟ ಮೋಟು ಹುಲ್ಲಿನಲ್ಲಿ ಮರೆಯಾಗಿ ನಿಂತಿರುತ್ತದೆ. ಒಣಗಿದ ಮೇಲಂತೂ ಅದು ಚೂಪಾದ ಗೂಟವೇ ಸರಿ. ನಮ್ಮಲ್ಲಿ ಬಳಕೆಯಲ್ಲಿರುವ ಟ್ರ್ಯಾಕ್ಟರುಗಳ ತಳಕ್ಕೂ ನೆಲಕ್ಕೂ ಇರುವ ಅಂತರ ಸಾಮಾನ್ಯವಾಗಿ 35ರಿಂದ 40 ಸೆಂ.ಮೀ. ಎರೆಭೂಮಿ ಹಸಿಯಿದ್ದು ಗಾಲಿ ಅರ್ಧ ಗೇಣು ಹೂತರೆ ಅದು ಒಂದಡಿಗಿಂತಲೂ ಕಡಿಮೆಯಾಗುತ್ತದೆ. ಹಸಿ ಟೊಂಗೆಯದು ಇನ್ನೊಂದು ಬಗೆ. ಮುಂದಿನ ಅಚ್ಚು ಅದನ್ನು ಬಾಗಿಸಿ ದಾಟಿದೊಡನೆ ಬಿಲ್ಲಿನಂತೆ ಮೇಲೆದ್ದು ಡೀಸೆಲ್ ಪೈಪನ್ನೋ ವೈರನ್ನೋ ಕಿತ್ತುಹಾಕುತ್ತದೆ.

ಟೈ ರಾಡು ಬಾಗಿದರೆ, ರೇಡಿಯೇಟರಿನ ಕೆಳಗಿನ ಪೈಪು ಹರಿದರೆ ಒಂದೆರಡು ದಿನದ ಕೆಲಸ ಕೆಡುತ್ತದೆ. ಎಣ್ಣೆಯ ಚೇಂಬರು ಒಡೆದರೆ ಹಾಗಲ್ಲ. ಎಣ್ಣೆ ಸೋರಿದ ಎಂಜಿನ್ ಕೆಲವೇ ನಿಮಿಷಗಳಲ್ಲಿ ಬೇರಿಂಗ್ ಕಚ್ಚಿ, ಕ್ರ್ಯಾಂಕ್ ಶಾಫ್ಟ್ ಸಹ ಹಾಳಾಗಬಹುದು. ಆದ್ದರಿಂದ ಎಣ್ಣೆ ಒತ್ತಡದ ಮುಳ್ಳು ಇಳಿದರೆ, ಇಲ್ಲವೆ ಕೆಂಪು ದೀಪ ಹತ್ತಿದರೆ ಎಂಜಿನ್ನನ್ನು ಅಲ್ಲಿಯೇ ನಿಲ್ಲಿಸತಕ್ಕದ್ದು. ಬದುವಿನವರೆಗೆ ಹೋಗಿ ನೋಡೋಣ ಎನ್ನಬಾರದು.

ತಳಕ್ಕೆ ತಗಡು

ಊರಿನ ವೆಲ್ಡಿಂಗ್ ಅಂಗಡಿಯಲ್ಲಿಯೇ 5ರಿಂದ 6 ಮಿ.ಮೀ. ದಪ್ಪದ ಕಬ್ಬಿಣದ ತಗಡಿನಿಂದ ಕಾಪು ಮಾಡಿಸಬಹುದು. ತಗಡಿನ ಮುಂಭಾಗ ಮೇಲಕ್ಕೆ ಬಾಗಿರಬೇಕು. ನೇರವಾಗಿದ್ದರೆ ಅದೇ ಮೋಟಿಗೆ ಸಿಕ್ಕಿಕೊಳ್ಳುತ್ತದೆ. ಚೇಂಬರು ಮತ್ತು ತಗಡಿನ ನಡುವೆ ಎರಡು ಬೆರಳಿನಷ್ಟಾದರೂ ಅಂತರವಿರಲಿ, ಇಲ್ಲದಿದ್ದಲ್ಲಿ ತಗಡಿಗೆ ಬಿದ್ದ ಪೆಟ್ಟು ಚೇಂಬರಿಗೇ ತಾಗುತ್ತದೆ. ಬಹುಪಾಲು ಟ್ರ್ಯಾಕ್ಟರುಗಳಲ್ಲಿ ಚೇಂಬರು ಎರಕದ್ದು. ಅದಕ್ಕೆ ವೆಲ್ಡಿಂಗ್ ಮಾಡಿಸುವುದಾಗಲಿ ತೂತು ಕೊರೆಸುವುದಾಗಲಿ ಸರಿಯಲ್ಲ. ಮುಂಭಾಗದ ಬ್ರಾಕೆಟ್ಟಿನಲ್ಲಿ ಈಗಾಗಲೇ ಇರುವ ಬೋಲ್ಟ್ ತೂತುಗಳಿಗೇ ತಗಡನ್ನು ಬಿಗಿಯಬೇಕು. ಮುಂದಿನ ಅಚ್ಚಿಗೆ ಮಾತ್ರ ಬಿಗಿಯಬಾರದು. ಅದು ನಡುವಿನ ಪಿನ್ನಿನ ಮೇಲೆ ತೂಗಾಡುವಂಥದ್ದು; ಅದರ ಆಟಕ್ಕೆ ಜಾಗ ಬಿಡಬೇಕು.

ಎಣ್ಣೆ ಬದಲಿಸುವ ಬೋಲ್ಟಿನ ನೇರಕ್ಕೆ ತಗಡಿನಲ್ಲಿ ತೂತು ಬೇಕು. ಕ್ಲಚ್ ಭಾಗದ ಕೆಳಗೆ ಸಣ್ಣ ರಂಧ್ರವಿದ್ದರೆ ಅದನ್ನೂ ಮುಚ್ಚಬಾರದು, ಏಕೆಂದರೆ ಒಳಗೆ ಸೀಲು ಹೋಗಿ ಎಣ್ಣೆ ಸೋರುತ್ತಿದ್ದರೆ ತಿಳಿಯುವುದು ಅದರಿಂದಲೇ. ಎರಡೂ ಪಕ್ಕ ಗಾಳಿಯಾಡುವಂತೆ ತೆರೆದಿರಲಿ. ತಗಡಿನ ಮೇಲೆ ಒಣ ಎಲೆ, ಕಡ್ಡಿ ಸೇರುತ್ತವೆ. ಅದಕ್ಕೆ ಎಣ್ಣೆಯ ಜಿಡ್ಡು ಕೂಡಿದರೆ ಬೆಂಕಿಯ ಭಯವುಂಟು. ಮಧ್ಯಾಹ್ನ ಒಮ್ಮೆ, ಸಂಜೆ ಒಮ್ಮೆ ತಪ್ಪದೆ ತೆಗೆಯಬೇಕು.

ಮೋಟನ್ನೇ ಉಳಿಸದಿರುವುದು

ತಗಡಿಗಿಂತ ಅಗ್ಗದ ಕಾಪು ಕಡಿಯುವ ಕ್ರಮದಲ್ಲಿದೆ. ಬೇಸಾಯಶಾಸ್ತ್ರದವನಾದ ನನಗೆ ಇದೇ ಮುಖ್ಯವೆನಿಸುತ್ತದೆ. ಜಾಲಿ ಮತ್ತೆ ಚಿಗುರುವುದು ಬುಡದಲ್ಲಿ, ನೆಲಕ್ಕೆ ಹತ್ತಿರದ ಮೊಗ್ಗುಗಳಿಂದ. ಮೇಲೆ ಕಡಿದರೆ ಒಂದು ಕಾಂಡದ ಬದಲು ಹತ್ತು ಏಳುತ್ತವೆ. ತೆಳ್ಳನೆಯ ಗಿಡಗಳನ್ನು ಸುತ್ತಲಿನ ಮಣ್ಣು ತೆಗೆದು, ಪಿಕಾಸಿಯಿಂದ ಒಂದು ಗೇಣು ಆಳದಲ್ಲಿ ಬೇರು ಕತ್ತರಿಸಿದರೆ ಮೋಟೂ ಇಲ್ಲ, ಚಿಗುರೂ ಇಲ್ಲ. ಆಳಿನ ಖರ್ಚು ಹೆಚ್ಚೆಂಬುದು ನಿಜ. ಆದರೆ ಎಂಜಿನ್ ಬಿಚ್ಚಿಸುವ ಖರ್ಚಿನ ಮುಂದೆ ಅದು ದೊಡ್ಡದಲ್ಲ, ಮರುವರ್ಷ ಕಡಿಸುವ ಕೂಲಿಯೂ ಉಳಿಯುತ್ತದೆ.

ದಪ್ಪ ಬೊಡ್ಡೆಗಳನ್ನು ಜೆ.ಸಿ.ಬಿ.ಯಿಂದ ಕೀಳಿಸುವುದೇ ಮೇಲು. ಅಷ್ಟರವರೆಗೆ ಅವುಗಳನ್ನು ಎದೆಯೆತ್ತರಕ್ಕೆ ಬಿಟ್ಟು ಬಿಳಿ ಬಟ್ಟೆ ಕಟ್ಟಿರಿ. ಟ್ರ್ಯಾಕ್ಟರಿನಿಂದಲೇ ಸಣ್ಣ ಬೊಡ್ಡೆ ಎಳೆಯುವುದಾದರೆ ಸರಪಳಿಯನ್ನು ಡ್ರಾಬಾರಿಗೆ ಮಾತ್ರ ಹಾಕತಕ್ಕದ್ದು. ಟಾಪ್ ಲಿಂಕಿನ ಜಾಗಕ್ಕೋ ಹಿಂದಿನ ಆಕ್ಸಲಿಗೋ ಕಟ್ಟಿ ಎಳೆದರೆ ಮುಂಭಾಗ ಮೇಲೆದ್ದು ಟ್ರ್ಯಾಕ್ಟರ್ ಚಾಲಕನ ಮೇಲೆಯೇ ಹಿಮ್ಮುಖವಾಗಿ ಮಗುಚುತ್ತದೆ. ಹಾರಿಬಿಡುವಷ್ಟು ಸಮಯವೂ ಸಿಗುವುದಿಲ್ಲ.

ಟ್ರ್ಯಾಕ್ಟರ್ ಹಾಯಿಸುವ ಮೊದಲು ಒಬ್ಬರು ಕೋಲು ಹಿಡಿದು ಸಾಲು ಸಾಲಾಗಿ ಹೊಲ ನಡೆದು ನೋಡಿ ಬರಬೇಕು. ಟ್ರ್ಯಾಕ್ಟರನ್ನು ಮೊದಲನೆಯ ಗೇರಿನಲ್ಲಿಯೇ ನಡೆಸಬೇಕು. ಸಂಜೆ ಎಲೆ ಕಡ್ಡಿ ತೆಗೆಯುವಾಗಲೇ ತಗಡಿನ ಬೋಲ್ಟುಗಳನ್ನೂ ಬಿಗಿ ಮಾಡಿ, ಮರುದಿನ ಬೆಳಿಗ್ಗೆ ಟ್ರ್ಯಾಕ್ಟರ್ ನಿಂತಿದ್ದ ನೆಲದಲ್ಲಿ ಎಣ್ಣೆಯ ಕಲೆ ಇದೆಯೇ ಎಂದು ನೋಡಿದ ಮೇಲೆಯೇ ಎಂಜಿನ್ ಚಾಲೂ ಮಾಡಬೇಕು.