ಬೆಟ್ಟ ಮಾರಾಟಕ್ಕಿದೆ!

ಮನೆ ಮಾರಾಟಕ್ಕಿದೆ, ಸೈಟು ಮಾರಾಟಕ್ಕಿದೆ ಎಂಬ ಬೋರ್ಡುಗಳನ್ನು ನಾವೆಲ್ಲ ನೋಡಿದ್ದೇವೆ. ಬೆಟ್ಟ ಮಾರಾಟಕ್ಕಿದೆ ಎಂಬ ಜಾಹೀರಾತನ್ನು ಎಂದಾದರೂ ನೋಡಿದ್ದೀರಾ, ಮಕ್ಕಳೇ?

2014ರ ಮೇ ತಿಂಗಳಲ್ಲಿ ಇಂಗ್ಲೆಂಡಿನಲ್ಲಿ ಅಂಥದ್ದೇ ಒಂದು ಸುದ್ದಿ ಬಂತು. ಅಲ್ಲಿನ ಲೇಕ್ ಡಿಸ್ಟ್ರಿಕ್ಟ್ ರಾಷ್ಟ್ರೀಯ ಉದ್ಯಾನದಲ್ಲಿ ಬ್ಲೆಂಕಾಥ್ರ ಎಂಬ ಬೆಟ್ಟವಿದೆ. ಎತ್ತರ 868 ಮೀಟರ್. ದೂರದಿಂದ ನೋಡಿದರೆ ಕುದುರೆಯ ಜೀನಿನಂತೆ ಕಾಣುವುದರಿಂದ ಅದಕ್ಕೆ ‘ಸ್ಯಾಡಲ್‌ಬ್ಯಾಕ್’ ಎಂಬ ಅಡ್ಡಹೆಸರೂ ಇದೆ. ಆ ಬೆಟ್ಟದ ಒಡೆಯ ಒಬ್ಬ ಜಮೀನ್ದಾರ, ಅರ್ಲ್ ಆಫ್ ಲಾನ್ಸ್‌ಡೇಲ್. ಹಿರಿಯರಿಂದ ಬಂದ ಆಸ್ತಿಗೆ ಸರ್ಕಾರಕ್ಕೆ ದೊಡ್ಡ ತೆರಿಗೆ ಕಟ್ಟಬೇಕಾಗಿತ್ತು. ಅದಕ್ಕಾಗಿ ಬೆಟ್ಟವನ್ನೇ ಮಾರಲು ಹೊರಟರು. ಕೇಳಿದ ಬೆಲೆ ಹದಿನೇಳೂವರೆ ಲಕ್ಷ ಪೌಂಡು. ಆಗಿನ ಲೆಕ್ಕದಲ್ಲಿ ಸುಮಾರು ಹದಿನೇಳು ಕೋಟಿ ರೂಪಾಯಿ! ಬೆಟ್ಟದ ಜೊತೆಗೆ ಕೆಳಗಿನ ಊರಿನ ‘ಒಡೆಯ’ ಎಂಬ ಹಳೆಯ ಕಾಲದ ಬಿರುದೂ ಕೊಂಡವರಿಗೇ ಸಿಗುತ್ತಿತ್ತು.

“ರಾಷ್ಟ್ರೀಯ ಉದ್ಯಾನವನ್ನು ಮಾರುವುದೆಂದರೇನು? ಅದು ಸರ್ಕಾರದ್ದಲ್ಲವೇ?” ಎಂದು ನೀವು ಕೇಳಬಹುದು. ಒಳ್ಳೆಯ ಪ್ರಶ್ನೆಯೇ. ನಮ್ಮ ಬಂಡೀಪುರ, ನಾಗರಹೊಳೆಗಳು ಅರಣ್ಯ ಇಲಾಖೆಯ ಕೈಯಲ್ಲಿರುವ ಕಾಡುಗಳು. ಇಂಗ್ಲೆಂಡಿನ ಪದ್ಧತಿ ಬೇರೆ. ಅಲ್ಲಿನ ರಾಷ್ಟ್ರೀಯ ಉದ್ಯಾನದೊಳಗೆ ಊರುಗಳಿವೆ, ಶಾಲೆಗಳಿವೆ, ಕುರಿ ಸಾಕುವ ರೈತರಿದ್ದಾರೆ. ಹೆಚ್ಚಿನ ಜಮೀನು ಖಾಸಗಿಯವರದು. ಉದ್ಯಾನದ ಪ್ರಾಧಿಕಾರವು ಅಲ್ಲಿ ಏನು ಕಟ್ಟಬಹುದು, ಏನು ಕಟ್ಟಬಾರದು ಎಂದು ನಿಯಮ ಮಾಡುತ್ತದೆ. ಆದರೆ ಪಹಣಿ ಬೇರೆಯವರ ಹೆಸರಿನಲ್ಲಿರುತ್ತದೆ ಎಂದು ನಮ್ಮ ಮಾತಿನಲ್ಲಿ ಹೇಳಬಹುದು.

ಹಾಗಾದರೆ ಬೆಟ್ಟ ಯಾರ ಕೈಗೆ ಹೋಗಬೇಕು? ಈ ಪ್ರಶ್ನೆಗೆ ಅಲ್ಲಿ ಬಹಳ ಹಿಂದೆಯೇ ತಲೆಕೆಡಿಸಿಕೊಂಡವರು ಶಿಲಾರೋಹಿಗಳು, ಅಂದರೆ ಹಗ್ಗ ಕಟ್ಟಿಕೊಂಡು ಬಂಡೆ ಏರುವವರು. ಅವರ ಕಥೆ ತಿಳಿಯಲು ನೂರು ವರ್ಷ ಹಿಂದಕ್ಕೆ ಹೋಗೋಣ.

ಗೆಳೆಯರ ನೆನಪಿಗೆ ಹನ್ನೆರಡು ಶಿಖರ

1906ರಲ್ಲಿ ಲೇಕ್ ಡಿಸ್ಟ್ರಿಕ್ಟಿನಲ್ಲಿ ಬಂಡೆ ಏರುವವರು ಸೇರಿ ‘ಫೆಲ್ ಅಂಡ್ ರಾಕ್ ಕ್ಲೈಂಬಿಂಗ್ ಕ್ಲಬ್’ ಎಂಬ ಸಂಘ ಕಟ್ಟಿಕೊಂಡರು. ಎಂಟು ವರ್ಷಕ್ಕೆಲ್ಲ ಮೊದಲನೆಯ ಮಹಾಯುದ್ಧ ಬಂತು. ಸಂಘದ ತರುಣರು ಯುದ್ಧಕ್ಕೆ ಹೋದರು. ಅವರಲ್ಲಿ ಇಪ್ಪತ್ತು ಮಂದಿ ಹಿಂದಿರುಗಲಿಲ್ಲ. ಸೀಗ್‌ಫ್ರೀಡ್ ಹರ್ಫೋರ್ಡ್ ಎಂಬ ಯುವಕ ಅವರಲ್ಲೊಬ್ಬ. 1914ರ ಏಪ್ರಿಲ್‌ನಲ್ಲಿ ಆತ ಸ್ಕಾಫೆಲ್ ಬೆಟ್ಟದ ‘ಸೆಂಟ್ರಲ್ ಬಟ್ರೆಸ್’ ಎಂಬ ಕಡಿದಾದ ಬಂಡೆಯನ್ನು ಗೆಳೆಯರೊಂದಿಗೆ ಮೊದಲ ಬಾರಿಗೆ ಏರಿದ್ದ. ಆ ಕಾಲಕ್ಕೆ ಅದು ಬ್ರಿಟನ್ನಿನ ಅತಿ ಕಷ್ಟದ ದಾರಿ. ಎರಡು ವರ್ಷವೂ ತುಂಬುವ ಮೊದಲೇ ಫ್ರಾನ್ಸಿನ ರಣರಂಗದಲ್ಲಿ ಆತ ತೀರಿಕೊಂಡ.

ಯುದ್ಧ ಮುಗಿದ ಮೇಲೆ ಊರೂರಿನಲ್ಲಿ ಸ್ಮಾರಕಗಳು ಎದ್ದವು. ಎಲ್ಲ ಕಡೆ ಕಲ್ಲಿನ ಕಂಬ, ಕಂಚಿನ ಪ್ರತಿಮೆ. ಈ ಸಂಘದವರಿಗೆ ಬೇರೆ ಯೋಚನೆ ಬಂತು. ನಮ್ಮ ಗೆಳೆಯರಿಗೆ ಅತಿ ಪ್ರಿಯವಾಗಿದ್ದುದು ಯಾವುದು? ಬೆಟ್ಟ. ಹಾಗಾದರೆ ಬೆಟ್ಟವೇ ಅವರ ಸ್ಮಾರಕವಾಗಲಿ! ಸದಸ್ಯರು ಹಣ ಕೂಡಿಸಿ ಸುಮಾರು 3,000 ಎಕರೆ ಎತ್ತರದ ಬೆಟ್ಟಭೂಮಿಯನ್ನು ಕೊಂಡರು. ಅದರಲ್ಲಿ ಗ್ರೇಟ್ ಗೇಬಲ್ ಸೇರಿದಂತೆ ಹನ್ನೆರಡು ಶಿಖರಗಳಿದ್ದವು.

ಕೊಂಡ ಮೇಲೆ ಬೇಲಿ ಹಾಕಿಕೊಂಡು ‘ಸದಸ್ಯರಿಗೆ ಮಾತ್ರ’ ಎಂದು ಬರೆದರೇ? ಇಲ್ಲ. 1923ರಲ್ಲಿ ಕಾಗದಪತ್ರಗಳನ್ನೆಲ್ಲ ‘ನ್ಯಾಷನಲ್ ಟ್ರಸ್ಟ್’ ಎಂಬ ಸಂಸ್ಥೆಗೆ ಒಪ್ಪಿಸಿಬಿಟ್ಟರು. ಚೆಲುವಾದ ಜಾಗಗಳನ್ನು, ಹಳೆಯ ಕಟ್ಟಡಗಳನ್ನು ಜನರಿಗಾಗಿ ಕಾಯುವುದೇ ಆ ಸಂಸ್ಥೆಯ ಕೆಲಸ. ಯಾರು ಬೇಕಾದರೂ ಬರಲಿ, ಎಂದೆಂದಿಗೂ ಬರಲಿ ಎಂಬುದು ಕೊಟ್ಟವರ ಆಸೆಯಾಗಿತ್ತು.

1924ರ ಜೂನ್ 8ರಂದು ಗ್ರೇಟ್ ಗೇಬಲ್ಲಿನ ತುದಿಯಲ್ಲಿ ಇಪ್ಪತ್ತು ಹೆಸರುಗಳನ್ನು ಕೆತ್ತಿದ ಕಂಚಿನ ಫಲಕವನ್ನು ಅನಾವರಣ ಮಾಡಿದರು. ಮಳೆ, ಮಂಜು. ಆದರೂ ಸುಮಾರು ಐನೂರು ಜನ 899 ಮೀಟರ್ ಎತ್ತರಕ್ಕೆ ನಡೆದು ಬಂದಿದ್ದರು. ಅಂದು ಮಾತನಾಡಿದವರು ಜೆಫ್ರಿ ವಿಂತ್ರಾಪ್ ಯಂಗ್. ಹೆಸರಾಂತ ಆರೋಹಿ. ಯುದ್ಧದಲ್ಲಿ ಒಂದು ಕಾಲು ಕಳೆದುಕೊಂಡಿದ್ದರು. ಕೃತಕ ಕಾಲು ಕಟ್ಟಿಕೊಂಡೇ ಮೇಲೆ ಬಂದಿದ್ದರು! ಈ ಹೆಸರನ್ನು ನೆನಪಿಟ್ಟುಕೊಳ್ಳಿ, ಮುಂದೆ ಇನ್ನೊಮ್ಮೆ ಬರುತ್ತದೆ.

ಇನ್ನೊಂದು ವಿಚಿತ್ರ ಕೇಳಿ. ಅದೇ 1924ರ ಜೂನ್ 8ರಂದೇ ಸಾವಿರಾರು ಮೈಲಿ ದೂರದ ಎವರೆಸ್ಟಿನಲ್ಲಿ ಮ್ಯಾಲರಿ ಮತ್ತು ಅರ್ವಿನ್ ಮಂಜಿನಲ್ಲಿ ಮರೆಯಾದರು. ಇಲ್ಲಿ ಗೇಬಲ್ ಮೇಲೆ ಹಳೆಯ ಗೆಳೆಯರಿಗಾಗಿ ತಲೆಬಾಗಿ ನಿಂತವರಿಗೆ ಆ ಸುದ್ದಿ ಹೇಗೆ ತಿಳಿಯಬೇಕು!

ಅಂದಹಾಗೆ, ಆ ಫಲಕದಲ್ಲಿ ಹೆಸರುಗಳ ಕಾಗುಣಿತ ತಪ್ಪಾಗಿತ್ತಂತೆ! 2013ರಲ್ಲಿ, ಅಂದರೆ ಸುಮಾರು ತೊಂಬತ್ತು ವರ್ಷಗಳ ಮೇಲೆ, ತಿದ್ದಿದ ಹೊಸ ಫಲಕವನ್ನು ಬೆಟ್ಟದ ತುದಿಗೆ ಹೊತ್ತು ತಂದು ಇಟ್ಟರು. ಶುದ್ಧ ಬರಹದ ಬಗ್ಗೆ ಮೇಷ್ಟರು ಏಕೆ ಅಷ್ಟು ಒತ್ತಿ ಹೇಳುತ್ತಾರೆ ಎಂದು ಈಗ ತಿಳಿಯಿತೇ?

ನಡೆದದ್ದಕ್ಕೆ ಜೈಲು

ಆದರೆ ಎಲ್ಲ ಬೆಟ್ಟಗಳಿಗೂ ಗೇಬಲ್ಲಿನ ಅದೃಷ್ಟ ಇರಲಿಲ್ಲ. ಇಂಗ್ಲೆಂಡಿನ ನಡುಭಾಗದಲ್ಲಿ ಪೀಕ್ ಡಿಸ್ಟ್ರಿಕ್ಟ್ ಎಂಬ ಗುಡ್ಡಗಾಡಿದೆ. ಅದರ ಒಂದು ಕಡೆ ಮ್ಯಾಂಚೆಸ್ಟರ್, ಇನ್ನೊಂದು ಕಡೆ ಶೆಫೀಲ್ಡ್. ಎರಡೂ ಹೊಗೆ ಉಗುಳುವ ಕಾರ್ಖಾನೆಗಳ ಊರುಗಳು. ವಾರವಿಡೀ ದುಡಿದ ಕೂಲಿಕಾರರಿಗೆ ಭಾನುವಾರ ಗುಡ್ಡದ ಗಾಳಿ ಬೇಕು. ಆದರೆ ಗುಡ್ಡಗಳೆಲ್ಲ ಶ್ರೀಮಂತರ ಬೇಟೆಯ ಜಾಗ. ಅವರು ಅಲ್ಲಿ ಗ್ರೌಸ್ ಎಂಬ ಕೋಳಿಜಾತಿಯ ಹಕ್ಕಿಯನ್ನು ಸಾಕಿ, ವರ್ಷದಲ್ಲಿ ಕೆಲವು ದಿನ ಬಂದು ಹೊಡೆಯುತ್ತಿದ್ದರು. ಉಳಿದ ದಿನ ಕಾವಲುಗಾರರು ಜನರನ್ನು ಅಟ್ಟುತ್ತಿದ್ದರು.

1932ರ ಏಪ್ರಿಲ್ 24ರಂದು ನೂರಾರು ಯುವಕರು ಬೇಕೆಂದೇ ಕಿಂಡರ್ ಸ್ಕೌಟ್ ಎಂಬ ಗುಡ್ಡವನ್ನು ಹತ್ತಿದರು. ಮುಂದಾಳು ಬೆನ್ನಿ ರಾಥ್‌ಮನ್, ಇಪ್ಪತ್ತು ವರ್ಷದ ಹುಡುಗ. ಕಾವಲುಗಾರರೊಂದಿಗೆ ತಳ್ಳಾಟವಾಯಿತು. ಐದು ಮಂದಿಗೆ ಜೈಲಾಯಿತು. ಬೆನ್ನಿಗೆ ನಾಲ್ಕು ತಿಂಗಳು. ನಮ್ಮ ದೇಶದಲ್ಲಿ ಉಪ್ಪಿನ ಸತ್ಯಾಗ್ರಹ ನಡೆದು ಆಗ ಎರಡೇ ವರ್ಷ. ಅಜ್ಜಂದಿರಿಗೆ ಈ ಹೋಲಿಕೆ ಕೂಡಲೇ ಹೊಳೆಯುತ್ತದೆ.

ಶಿಕ್ಷೆಯ ಸುದ್ದಿ ಕೇಳಿ ಜನ ಸಿಟ್ಟಾದರು. ಬೇಡಿಕೆ ಬೆಳೆಯುತ್ತಾ ಹೋಯಿತು. 1949ರಲ್ಲಿ ರಾಷ್ಟ್ರೀಯ ಉದ್ಯಾನಗಳ ಕಾನೂನು ಬಂತು. 1951ರ ಏಪ್ರಿಲ್‌ನಲ್ಲಿ ಪೀಕ್ ಡಿಸ್ಟ್ರಿಕ್ಟ್ ಬ್ರಿಟನ್ನಿನ ಮೊದಲ ರಾಷ್ಟ್ರೀಯ ಉದ್ಯಾನವಾಯಿತು. ಮರುತಿಂಗಳೇ ಲೇಕ್ ಡಿಸ್ಟ್ರಿಕ್ಟ್.

ಈ ನಡುವೆ, 1944ರಲ್ಲಿ, ದೇಶದ ಆರೋಹಿಗಳ ಸಂಘಗಳೆಲ್ಲ ಒಂದು ಮಂಡಳಿಯಾಗಿ ಸೇರಿದವು. ಅದೇ ಬ್ರಿಟಿಷ್ ಮೌಂಟನಿಯರಿಂಗ್ ಕೌನ್ಸಿಲ್. ಅದು ಹುಟ್ಟಲು ಓಡಾಡಿದವರು ಯಾರು ಗೊತ್ತೇ? ಅದೇ ಒಂಟಿಕಾಲಿನ ವಿಂತ್ರಾಪ್ ಯಂಗ್!

ಬೀಸುಕಲ್ಲಿನ ಬೆಟ್ಟದಲ್ಲಿ ಒಂದು ಹಕ್ಕಿ

ಪೀಕ್ ಡಿಸ್ಟ್ರಿಕ್ಟಿನಲ್ಲಿ ಹ್ಯಾದರ್‌ಸೇಜ್ ಎಂಬ ಹಳ್ಳಿಯ ಮೇಲ್ಗಡೆ ಸ್ಟ್ಯಾನೇಜ್ ಎಂಬ ಬಂಡೆಯ ಸಾಲಿದೆ. ಕೋಟೆ ಗೋಡೆಯ ಹಾಗೆ ಐದಾರು ಕಿಲೋಮೀಟರ್ ಉದ್ದಕ್ಕೂ ಹಬ್ಬಿದೆ. ಒರಟು ಮರಳುಗಲ್ಲು. ಬಾದಾಮಿಯ ಕೆಂಪು ಬಂಡೆಗಳನ್ನು ಮುಟ್ಟಿ ನೋಡಿದವರಿಗೆ ಮರಳುಗಲ್ಲೆಂದರೆ ಹೇಗಿರುತ್ತದೆಂದು ಗೊತ್ತು. ಇದು ಅದಕ್ಕಿಂತ ತರಿತರಿ. ಹಿಂದೆ ಇದೇ ಕಲ್ಲನ್ನು ಕಡಿದು ದೊಡ್ಡ ದೊಡ್ಡ ಬೀಸುಕಲ್ಲುಗಳನ್ನು ಮಾಡುತ್ತಿದ್ದರು. ಆ ವ್ಯಾಪಾರ ಬಿದ್ದುಹೋದಾಗ ಕೆತ್ತಿದ ಕಲ್ಲುಗಳನ್ನು ಅಲ್ಲಲ್ಲೇ ಬಿಟ್ಟು ಹೋದರು. ಇಂದಿಗೂ ಬಂಡೆಯ ಬುಡದಲ್ಲಿ ಹುಲ್ಲಿನ ನಡುವೆ ಆ ಕಲ್ಲುಗಳು ಮಲಗಿವೆ. ಉದ್ಯಾನದ ಲಾಂಛನವೂ ಬೀಸುಕಲ್ಲೇ.

1970ರ ದಶಕದ ಆರಂಭದಲ್ಲಿ ಉದ್ಯಾನದ ಪ್ರಾಧಿಕಾರವೇ ಈ ಜಮೀನನ್ನು ಕೊಂಡಿತು. ಬಂಡೆ ಏರುವವರಿಗೆ ಹಬ್ಬ. ಆದರೆ ಬಂಡೆಗೆ ಬರುವವರು ಅವರೊಬ್ಬರೇ ಅಲ್ಲವಲ್ಲ! ನಡೆಯುವವರು, ಸೈಕಲ್ಲಿನವರು, ಕುರಿಗಾಹಿಗಳು, ಹಕ್ಕಿ ನೋಡುವವರು, ಊರಿನವರು. ಎಲ್ಲರಿಗಿಂತ ಮುಖ್ಯವಾಗಿ ರಿಂಗ್ ಊಜಲ್ ಎಂಬ ಹಕ್ಕಿ. ಕಪ್ಪು ಮೈ, ಎದೆಯ ಮೇಲೆ ಮಗುವಿನ ಎದೆಬಟ್ಟೆಯಂತೆ ಬಿಳಿ ಪಟ್ಟಿ. ಚಳಿಗಾಲವನ್ನು ದಕ್ಷಿಣದ ಬೆಚ್ಚನೆಯ ನಾಡುಗಳಲ್ಲಿ ಕಳೆದು, ವಸಂತದಲ್ಲಿ ಬಂದು ಇಲ್ಲಿ ಬಂಡೆಯ ಬಿರುಕಿನಲ್ಲಿ ಗೂಡು ಕಟ್ಟುತ್ತದೆ. ಆರೋಹಿಗಳು ಕೈಬೆರಳು ತೂರಿಸುವುದೂ ಅದೇ ಬಿರುಕುಗಳಿಗೆ!

ಜಗಳವಾಡಲು ಇಷ್ಟು ಸಾಕಾಗಿತ್ತು. ಬದಲಿಗೆ, 2000ದ ಸುಮಾರಿಗೆ ಎಲ್ಲರೂ ಕೂಡಿ ಕೂರುವ ಒಂದು ಸಭೆ ಆರಂಭವಾಯಿತು. ಯಾರು ಬೇಕಾದರೂ ಬರಬಹುದು, ಮಾತಾಡಬಹುದು. ನಮ್ಮ ಗ್ರಾಮಸಭೆಯಂತೆ ಎನ್ನಿ. ಆರೋಹಿಗಳು ಅಲ್ಲಿ ಪಾಲು ಪಡೆದರು, ಜೊತೆಗೆ ಹೊಣೆಯನ್ನೂ ಹೊತ್ತರು. ಗೂಡು ಎಲ್ಲಿದೆ ಎಂದು ಹುಡುಕಿ ತಿಳಿಸುವುದು, ಆ ಬಂಡೆಯ ಬುಡದಲ್ಲಿ ‘ಮರಿಗಳಿವೆ, ದಯವಿಟ್ಟು ಬೇರೆ ಕಡೆ ಏರಿ’ ಎಂಬ ಫಲಕ ಇಡುವುದು, ಮರಿ ಹಾರಿಹೋದ ಮೇಲೆ ಅದನ್ನು ತೆಗೆಯುವುದು ಅವರಿಗೂ ಸೇರಿದ ಕೆಲಸವಾಯಿತು. ತಾವು ಏರುವ ದಾರಿಯನ್ನು ಕೆಲವು ವಾರ ತಾವೇ ಬಿಟ್ಟುಕೊಟ್ಟರು.

2010ರ ನಂತರ ಹೊಸ ಚಿಂತೆ ಬಂತು. ಸರ್ಕಾರ ಉದ್ಯಾನಗಳಿಗೆ ಕೊಡುವ ಹಣ ಕಡಿಮೆಯಾಯಿತು. ತನ್ನ ಆಸ್ತಿಗಳಲ್ಲಿ ಯಾವುದನ್ನು ಉಳಿಸಿಕೊಳ್ಳಲಿ, ಯಾವುದನ್ನು ಬೇರೆಯವರ ವಶಕ್ಕೆ ಕೊಡಲಿ ಎಂದು ಪ್ರಾಧಿಕಾರ ಲೆಕ್ಕ ಹಾಕತೊಡಗಿತು. ಅದೇ ಉದ್ಯಾನದ ರೋಚಸ್ ಎಂಬ ಹೆಸರಾಂತ ಬಂಡೆಸಾಲು 2013ರಲ್ಲಿ 125 ವರ್ಷಗಳ ಗುತ್ತಿಗೆಯ ಮೇಲೆ ಒಂದು ವನ್ಯಜೀವಿ ಸಂಸ್ಥೆಯ ಕೈಗೆ ಹೋಯಿತು. ನಾಳೆ ಸ್ಟ್ಯಾನೇಜ್ ಯಾರ ಕೈಗೆ? ಹೊಸ ಒಡೆಯ ಬಾಗಿಲು ಹಾಕಿದರೆ? ಹಕ್ಕಿಯನ್ನು ಮರೆತರೆ?

ಕೊಳ್ಳುವುದು ಸುಲಭ, ನೋಡಿಕೊಳ್ಳುವುದು ಕಷ್ಟ

“ಹಾಗಾದರೆ ಆರೋಹಿಗಳೇ ಕೊಂಡುಬಿಡಲಿ” ಎಂದು ಅನ್ನಿಸುವುದು ಸಹಜ. ಕೆಲವು ಚಿಕ್ಕ ಬಂಡೆಗಳನ್ನು ಅವರ ಮಂಡಳಿ ಹೀಗೆ ಇಟ್ಟುಕೊಂಡಿದೆ ಕೂಡ. ಪೀಕ್ ಡಿಸ್ಟ್ರಿಕ್ಟಿನ ಹಾರ್ಸ್‌ಶೂ ಎಂಬ ಹಳೆಯ ಕಲ್ಲುಗಣಿಯನ್ನು 2005ರಲ್ಲಿ ಕೊಂಡಿತು. ದಕ್ಷಿಣ ಇಂಗ್ಲೆಂಡಿನ ಹ್ಯಾರಿಸನ್ಸ್ ಬಂಡೆಗಳೂ ಅದರದೇ. ಆ ಕಲ್ಲು ಬಹಳ ಮೆತು. ಹಗ್ಗ ಉಜ್ಜಿದರೆ ಸವೆಯುತ್ತದೆ, ಮಳೆಯಲ್ಲಿ ನೆನೆದಾಗ ಏರಿದರೆ ಮುರಿಯುತ್ತದೆ. ಹಾಗಾಗಿ ಅಲ್ಲಿ ಏರುವವರಿಗೆ ಕಟ್ಟುನಿಟ್ಟಿನ ನಿಯಮಗಳಿವೆ.

ಆದರೆ ಸ್ಟ್ಯಾನೇಜ್‌ನಂಥ ದೊಡ್ಡ ಜಾಗವೆಂದರೆ ಬರೀ ಬಂಡೆಯಲ್ಲ. ಕಲ್ಲುಗೋಡೆ ಬೀಳುತ್ತದೆ, ಕಟ್ಟಬೇಕು. ಕಾಲುದಾರಿ ಕೊರೆಯುತ್ತದೆ, ಕಲ್ಲು ಹಾಸಬೇಕು. ಶೌಚಾಲಯ ತೊಳೆಯಬೇಕು, ಕಾರು ನಿಲ್ಲಿಸಲು ಜಾಗ ಬೇಕು, ಬೇಸಿಗೆಯಲ್ಲಿ ಒಣಹುಲ್ಲಿಗೆ ಬೆಂಕಿ ಬೀಳದಂತೆ ಕಾಯಬೇಕು. ಆನೆ ಕೊಂಡರೆ ಸಾಲದು, ಮೇವೂ ಹೊಂದಿಸಬೇಕು ಎಂದು ಯಾವ ಅಜ್ಜಿಯಾದರೂ ಹೇಳಿಯಾಳು!

ಜಮೀನು ಯಾರದೇ ಆಗಲಿ, ಕೇಳಬೇಕಾದ ಪ್ರಶ್ನೆಗಳು ಇವೇ: ಬರುವವರಿಗೆ ದಾರಿ ತೆರೆದಿರುತ್ತದೆಯೇ? ಹಕ್ಕಿಗೂ ಕುರಿಗೂ ಜಾಗವಿದೆಯೇ? ಜನರ ಮಾತು ಕೇಳುತ್ತಾರೆಯೇ? ಖರ್ಚಿಗೆ ಹಣ ಎಲ್ಲಿಂದ?

ಬ್ಲೆಂಕಾಥ್ರ ಏನಾಯಿತು?

ಅಯ್ಯೋ, ನಮ್ಮ ಮಾರಾಟದ ಬೆಟ್ಟವನ್ನು ಮರೆತೇಬಿಟ್ಟೆವು! ಸುದ್ದಿ ಹಬ್ಬಿದ ಕೂಡಲೇ ಊರಿನವರು, ಬೆಟ್ಟಪ್ರಿಯರು ‘ಬ್ಲೆಂಕಾಥ್ರದ ಗೆಳೆಯರು’ ಎಂಬ ಗುಂಪು ಕಟ್ಟಿ ಹಣ ಕೂಡಿಸತೊಡಗಿದರು. ಅಲ್ಲಿ ಒಂದು ಕಾನೂನಿದೆ. ಒಂದು ಜಾಗ ಊರವರಿಗೆಲ್ಲ ಬೇಕಾದದ್ದು ಎಂದು ಸ್ಥಳೀಯ ಆಡಳಿತ ಒಪ್ಪಿದರೆ, ಅದನ್ನು ಕೊಳ್ಳಲು ಊರವರಿಗೆ ಕೆಲವು ತಿಂಗಳ ಸಮಯ ಕೊಡಬೇಕು. ಹೋಟೆಲು, ಅಂಗಡಿಗಳಿಗೆ ಬಳಸುತ್ತಿದ್ದ ಆ ಕಾನೂನನ್ನು ಇವರು ಇಡೀ ಬೆಟ್ಟಕ್ಕೇ ಅನ್ವಯಿಸಿದರು!

ಕೊನೆಗೆ ಅವರಿಗೆ ಬೆಟ್ಟ ಸಿಗಲಿಲ್ಲ. ಬೇರೆಯವರಿಗೂ ಹೋಗಲಿಲ್ಲ. 2016ರಲ್ಲಿ ಒಡೆಯರೇ ಮಾರಾಟವನ್ನು ಕೈಬಿಟ್ಟರು. ಮಾರಿದ್ದರೂ 2000ದ ಕಾನೂನಿನಂತೆ ಅಂಥ ಬೆಟ್ಟದ ಮೇಲೆ ನಡೆಯುವ ಹಕ್ಕು ಜನರಿಗೆ ಉಳಿಯುತ್ತಿತ್ತು. ಸುತ್ತಲಿನ ರೈತರಿಗೆ ಕುರಿ ಮೇಯಿಸುವ ಹಕ್ಕೂ ಉಳಿಯುತ್ತಿತ್ತು. ಆ ಹಕ್ಕಿನ ಹಿಂದೆ ಕಿಂಡರ್ ಸ್ಕೌಟ್ ಹತ್ತಿದ ಹುಡುಗರ ಜೈಲುವಾಸವಿದೆ.

ಇಂದಿಗೂ ಪ್ರತಿವರ್ಷ ನವೆಂಬರಿನ ಎರಡನೆಯ ಭಾನುವಾರ ನೂರಾರು ಜನ ಗ್ರೇಟ್ ಗೇಬಲ್ ಏರುತ್ತಾರೆ. ಅಜ್ಜಂದಿರೂ ಇರುತ್ತಾರೆ, ಮಕ್ಕಳೂ ಇರುತ್ತಾರೆ. ಹನ್ನೊಂದು ಗಂಟೆಗೆ ಎರಡು ನಿಮಿಷ ಮೌನವಾಗಿ ನಿಲ್ಲುತ್ತಾರೆ. ಆಮೇಲೆ ಫ್ಲಾಸ್ಕಿನಿಂದ ಬಿಸಿ ಚಹಾ ಕುಡಿದು ಇಳಿದು ಬರುತ್ತಾರೆ. ಟಿಕೆಟ್ಟಿಲ್ಲ, ಬೇಲಿಯಿಲ್ಲ.

ಮಕ್ಕಳೇ, ಈ ಭಾನುವಾರ ಒಂದು ಕೆಲಸ ಮಾಡಿ. ನಿಮ್ಮೂರಿನ ಗುಡ್ಡ, ಗೋಮಾಳ, ಗುಂಡುತೋಪು, ದೇವರಕಾಡು ಯಾರದು, ಅವನ್ನು ಯಾರು ನೋಡಿಕೊಳ್ಳುತ್ತಿದ್ದರು ಎಂದು ಅಜ್ಜ ಅಜ್ಜಿಯರನ್ನು ಕೇಳಿ. ಅವರಿಗೆ ಮಂಡಿನೋವು ಇಲ್ಲದಿದ್ದರೆ ಜೊತೆಯಲ್ಲೇ ಹೋಗಿ ನೋಡಿ ಬನ್ನಿ. ಇದ್ದರೆ, ನೀವು ನೋಡಿ ಬಂದು ಅವರಿಗೆ ಹೇಳಿ.